ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನ: ದೂರವನ್ನೂ ಪ್ರಯಾಣದ ಸಮಯವನ್ನೂ ನಾವೇ ಲೆಕ್ಕ ಹಾಕುವ ಕ್ರಮ

ಹುಬ್ಬಳ್ಳಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 267 ಕಿಲೋಮೀಟರ್. ಈ ಅಂಕಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಕ್ಷಣಾರ್ಧದಲ್ಲಿ ಹುಡುಕಬಹುದು. ಅದರ ಪಕ್ಕದಲ್ಲಿಯೇ ಹಾರಾಟಕ್ಕೆ ಐವತ್ತು ನಿಮಿಷ ಸಾಕು ಎಂಬರ್ಥದ ಇನ್ನೊಂದು ಅಂಕಿಯೂ ಸಿಗುತ್ತದೆ. ಎರಡೂ ತಪ್ಪಲ್ಲ. ಆದರೆ ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದ ಹೊರಟು ಮಂಗಳೂರಿನ ಹಂಪನಕಟ್ಟೆಯನ್ನು ತಲುಪಬೇಕಾದವರಿಗೆ ಈ ಎರಡರಿಂದಲೂ ದೊಡ್ಡ ಉಪಯೋಗವಿಲ್ಲ. ಸಣ್ಣ ಊರುಗಳ ನಡುವಿನ ವಿಮಾನ ಪ್ರಯಾಣದಲ್ಲಿ ಗಾಳಿಯಲ್ಲಿ ಕಳೆಯುವ ಹೊತ್ತು ಕಡಿಮೆ, ನೆಲದ ಮೇಲೆ ಕಳೆಯುವ ಹೊತ್ತು ಹೆಚ್ಚು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಕಾಗದವೊಂದನ್ನು ತೆಗೆದುಕೊಂಡು, ದೂರದಿಂದ ಆರಂಭಿಸಿ ಮನೆಬಾಗಿಲಿನವರೆಗೆ ಒಂದೊಂದಾಗಿ ಕೂಡಿಸಿ ನೋಡುವುದು ಒಳ್ಳೆಯದು. ಇಲ್ಲಿ ಉದಾಹರಣೆಯಾಗಿ ಹುಬ್ಬಳ್ಳಿ–ಮಂಗಳೂರನ್ನು ಇಟ್ಟುಕೊಂಡಿದ್ದರೂ ಕ್ರಮ ಬೇರೆ ಯಾವುದೇ ಎರಡು ನಿಲ್ದಾಣಗಳಿಗೆ ಅನ್ವಯಿಸುತ್ತದೆ.

ಮೊದಲನೆಯ ಹೆಜ್ಜೆ: ನೇರ ದೂರ

ಮೊದಲಿಗೆ ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಬರೆದುಕೊಳ್ಳಿ. ಊರಿನ ನಡುಭಾಗದ ಸ್ಥಾನವನ್ನಲ್ಲ, ನಿಲ್ದಾಣದ ಸ್ಥಾನವನ್ನೇ ತೆಗೆದುಕೊಳ್ಳಬೇಕು; ದೂರ ತೋರಿಸುವ ಕೆಲವು ಪುಟಗಳು ಊರಿನ ಸ್ಥಾನವನ್ನು ಹಿಡಿದು ಲೆಕ್ಕ ಹಾಕುವುದರಿಂದಲೇ ಒಂದೊಂದು ಕಡೆ ಒಂದೊಂದು ಅಂಕಿ ಕಾಣುತ್ತದೆ. ನಕ್ಷೆಯಲ್ಲಿ ಹುಡುಕುವಾಗ ನಿಲ್ದಾಣದ ಮೂರಕ್ಷರದ ಸಂಕೇತವನ್ನು ಬಳಸಿದರೆ ಗೊಂದಲವಾಗುವುದಿಲ್ಲ: ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಮಂಗಳೂರಿಗೆ ಐಎಕ್ಸ್‌ಇ, ಬೆಂಗಳೂರಿಗೆ ಬಿಎಲ್‌ಆರ್.

ಹುಬ್ಬಳ್ಳಿ ನಿಲ್ದಾಣವು 15.36 ಡಿಗ್ರಿ ಉತ್ತರ, 75.08 ಡಿಗ್ರಿ ಪೂರ್ವದಲ್ಲಿದೆ. ಮಂಗಳೂರಿನ ಬಜ್ಪೆ ನಿಲ್ದಾಣವು 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶಗಳ ವ್ಯತ್ಯಾಸ 2.40, ರೇಖಾಂಶಗಳ ವ್ಯತ್ಯಾಸ 0.19. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಸಮಭಾಜಕದಿಂದ ದೂರ ಸರಿದಂತೆ ಕಿರಿದಾಗುತ್ತ ಹೋಗುತ್ತದೆ. ನಮ್ಮ ರಾಜ್ಯದ ಮಟ್ಟದಲ್ಲಿ ಅದನ್ನು 108 ಕಿ.ಮೀ. ಎಂದು ಹಿಡಿದರೆ ಸಾಕು. ಹೀಗೆ ಉತ್ತರ–ದಕ್ಷಿಣವಾಗಿ 266 ಕಿ.ಮೀ., ಪೂರ್ವ–ಪಶ್ಚಿಮವಾಗಿ 20 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಎರಡನ್ನೂ ವರ್ಗಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 267 ಕಿ.ಮೀ. ವೈಮಾನಿಕ ಲೆಕ್ಕದಲ್ಲಿ ಬಳಸುವ ನಾಟಿಕಲ್ ಮೈಲಿಗೆ ಪರಿವರ್ತಿಸಬೇಕಾದರೆ 1.852ರಿಂದ ಭಾಗಿಸಿ, 144 ಬರುತ್ತದೆ. ಭೂಮಿ ದುಂಡಗಿರುವುದನ್ನು ಈ ವಿಧಾನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದರೂ ಕೆಲವು ನೂರು ಕಿಲೋಮೀಟರ್‌ಗಳ ಒಳಗೆ ಆಗುವ ವ್ಯತ್ಯಾಸ ಗಮನಕ್ಕೆ ಬಾರದಷ್ಟು ಕಡಿಮೆ. ದುಬೈಗೋ ಲಂಡನ್ನಿಗೋ ಲೆಕ್ಕ ಹಾಕುವವರು ಮಾತ್ರ ಇದನ್ನು ನೆಚ್ಚಬಾರದು.

ಎರಡನೆಯ ಹೆಜ್ಜೆ: ವಿಮಾನ ನಿಜವಾಗಿ ಹಾರುವ ದೂರ

ನಕ್ಷೆಯ ಮೇಲೆ ಎಳೆದ ಗೆರೆಯಂತೆ ಯಾವ ವಿಮಾನವೂ ಹಾರುವುದಿಲ್ಲ. ಅದು ರನ್‌ವೇ ಇರುವ ದಿಕ್ಕಿಗೆ, ಗಾಳಿಯನ್ನು ಎದುರಿಸಿ ಏರಬೇಕು; ಇಳಿಯುವಾಗಲೂ ರನ್‌ವೇಯ ನೇರಕ್ಕೆ ಬಂದೇ ಇಳಿಯಬೇಕು. ಹುಬ್ಬಳ್ಳಿಯ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಬಜ್ಪೆಯದೂ ಪೂರ್ವ–ಈಶಾನ್ಯದಿಂದ ಪಶ್ಚಿಮ–ನೈಋತ್ಯಕ್ಕೆ ಚಾಚಿಕೊಂಡಿದೆ. ದಾರಿಯೋ ನೇರ ದಕ್ಷಿಣಕ್ಕೆ. ಆದ್ದರಿಂದ ಈ ಜೋಡಿಯಲ್ಲಿ ಎರಡೂ ತುದಿಗಳಲ್ಲಿ ತಿರುವು ಅನಿವಾರ್ಯ. ಇದರ ಜೊತೆಗೆ ನಿಗದಿತ ವಾಯುಮಾರ್ಗಗಳನ್ನು ಹಿಡಿಯುವುದರಿಂದಲೂ ಸ್ವಲ್ಪ ಸುತ್ತು ಸೇರುತ್ತದೆ. ಸಣ್ಣ ಹಾರಾಟಗಳಿಗೆ ನೇರ ದೂರಕ್ಕೆ 30ರಿಂದ 40 ಕಿ.ಮೀ. ಸೇರಿಸುವುದು ನ್ಯಾಯವಾದ ಅಂದಾಜು. ಹಾಗೆ ಮಾಡಿದರೆ 267 ಕಿ.ಮೀ. ದೂರ 300ರ ಸಮೀಪಕ್ಕೆ ಬರುತ್ತದೆ.

ಮೂರನೆಯ ಹೆಜ್ಜೆ: ವೇಗ, ಅದರಿಂದ ಅವಧಿ

ಪ್ರಾದೇಶಿಕ ನಿಲ್ದಾಣಗಳಿಗೆ ಹೆಚ್ಚಾಗಿ ಬರುವುದು ರೆಕ್ಕೆಯಡಿ ಪಂಖಗಳು ತಿರುಗುವ ಎಟಿಆರ್ 72 ಜಾತಿಯ ವಿಮಾನ. ಅದರ ಗರಿಷ್ಠ ಕ್ರೂಸ್ ವೇಗ, ಅಂದರೆ ಎತ್ತರಕ್ಕೇರಿದ ಮೇಲೆ ಸಮವಾಗಿ ಹಾರುವ ವೇಗ, ಗಂಟೆಗೆ ಸುಮಾರು 510 ಕಿ.ಮೀ. ಏರ್‌ಬಸ್ 320ರಂಥ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ 830 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ. ಈ ಎರಡು ಅಂಕಿಗಳನ್ನು ನೋಡಿದವರು ಜೆಟ್ ಸಿಕ್ಕರೆ ಸಮಯ ಅರ್ಧದಷ್ಟು ಉಳಿಯುತ್ತದೆ ಎಂದು ಭಾವಿಸುವುದು ಸಹಜ. ಆದರೆ ಮುನ್ನೂರು ಕಿಲೋಮೀಟರಿನ ಹಾರಾಟದಲ್ಲಿ ಜೆಟ್ ತನ್ನ ಪೂರ್ಣ ವೇಗದಲ್ಲಿ ಇರುವುದು ಕೆಲವೇ ನಿಮಿಷ. ಮೊದಲ ಭಾಗವೆಲ್ಲ ಏರುವುದರಲ್ಲಿ, ಕೊನೆಯ ಭಾಗವೆಲ್ಲ ಇಳಿಯುವುದರಲ್ಲಿ ಕಳೆಯುತ್ತದೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿಯೂ ಇರುತ್ತದೆ. ಹಾಗಾಗಿ ಇಂಥ ದೂರಗಳಿಗೆ ಏರಿಳಿತವನ್ನೂ ಒಳಗೊಂಡ ಸರಾಸರಿ ವೇಗವನ್ನು ಎಟಿಆರ್‌ಗೆ ಗಂಟೆಗೆ 400 ಕಿ.ಮೀ., ಜೆಟ್‌ಗೆ 550 ಕಿ.ಮೀ. ಎಂದು ಹಿಡಿಯಿರಿ. ಮುನ್ನೂರು ಕಿ.ಮೀ.ಗೆ ಎಟಿಆರ್ 45 ನಿಮಿಷ ತೆಗೆದುಕೊಂಡರೆ ಜೆಟ್ ಸುಮಾರು 33 ನಿಮಿಷ ತೆಗೆದುಕೊಳ್ಳುತ್ತದೆ. ಉಳಿಯುವುದು ಹನ್ನೆರಡು ನಿಮಿಷ.

ಇದಕ್ಕೆ ನೆಲದ ಮೇಲಿನ ಓಡಾಟವನ್ನು ಸೇರಿಸಬೇಕು. ಟಿಕೆಟ್ಟಿನಲ್ಲಿ ಮುದ್ರಿಸುವ ಹೊರಡುವ ವೇಳೆಯು ವಿಮಾನ ನೆಲ ಬಿಡುವ ವೇಳೆಯಲ್ಲ, ಅದು ನಿಂತ ಜಾಗದಿಂದ ಕದಲುವ ವೇಳೆ. ತಲುಪುವ ವೇಳೆಯೂ ಹಾಗೆಯೇ, ವಿಮಾನ ತನ್ನ ನಿಲುಗಡೆಯಲ್ಲಿ ಬಂದು ನಿಲ್ಲುವ ವೇಳೆ. ಈ ಎರಡರ ನಡುವಿನ ಅವಧಿಯನ್ನು ವಿಮಾನಯಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ಹುಬ್ಬಳ್ಳಿ, ಮಂಗಳೂರಿನಂಥ ಕಡೆ ಟ್ಯಾಕ್ಸಿಯಿಂಗ್‌ಗೆ, ಅಂದರೆ ನಿಲುಗಡೆಗೂ ರನ್‌ವೇಗೂ ನಡುವಿನ ಓಡಾಟಕ್ಕೆ, ಎರಡೂ ತುದಿ ಸೇರಿ ಹತ್ತು ಹನ್ನೆರಡು ನಿಮಿಷ ಸಾಕು. ಬೆಂಗಳೂರು ಒಂದು ತುದಿಯಾಗಿದ್ದರೆ ಇಪ್ಪತ್ತು ನಿಮಿಷ ಹಿಡಿಯುವುದು ಕ್ಷೇಮ. ಅಲ್ಲಿನ ಎರಡು ರನ್‌ವೇಗಳ ಪೈಕಿ ಯಾವುದರಲ್ಲಿ ಇಳಿದು ಯಾವ ನಿಲುಗಡೆಗೆ ಹೋಗಬೇಕೆಂಬುದರ ಮೇಲೆ ಇದು ನಿರ್ಧಾರವಾಗುತ್ತದೆ. ಒಟ್ಟಿನಲ್ಲಿ ಹುಬ್ಬಳ್ಳಿ–ಮಂಗಳೂರು ನೇರ ವಿಮಾನವಿದ್ದರೆ ಅದರ ಬ್ಲಾಕ್ ಟೈಮ್ ಒಂದು ಗಂಟೆಯ ಆಸುಪಾಸಿನಲ್ಲಿರುತ್ತದೆ.

ಗಾಳಿಯ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗಂಟೆಗೆ 40 ಕಿ.ಮೀ. ವೇಗದ ಎದುರುಗಾಳಿ ಇದ್ದರೂ ಎಟಿಆರ್‌ನ ಮುನ್ನೂರು ಕಿ.ಮೀ. ಹಾರಾಟಕ್ಕೆ ಕೂಡುವುದು ಐದು ನಿಮಿಷ ಮಾತ್ರ.

ನಾಲ್ಕನೆಯ ಹೆಜ್ಜೆ: ನೇರ ವಿಮಾನ ಇದೆಯೇ ಎಂದು ನೋಡುವುದು

ಇಷ್ಟು ಹೊತ್ತು ಹಾಕಿದ ಲೆಕ್ಕ ನೇರ ವಿಮಾನ ಇದ್ದರೆ ಮಾತ್ರ ಕೆಲಸಕ್ಕೆ ಬರುವಂಥದ್ದು, ಮತ್ತು ಎಡವುವುದೂ ಇಲ್ಲಿಯೇ. ದೂರ ತೋರಿಸುವ ಪುಟವು ಆ ಎರಡು ಊರುಗಳ ನಡುವೆ ವಿಮಾನ ಹಾರುತ್ತದೆ ಎಂದು ಹೇಳುತ್ತಿಲ್ಲ. ಭಾರತದ ವಿಮಾನ ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ ಬದಲಾಗುತ್ತದೆ: ಬೇಸಿಗೆಯ ಪಟ್ಟಿ ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ, ಚಳಿಗಾಲದ ಪಟ್ಟಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಿಂದ ಜಾರಿಗೆ ಬರುತ್ತದೆ. ಸಣ್ಣ ಊರುಗಳ ನಡುವಿನ ಸೇವೆಗಳು ಸೇರುವುದೂ ಬಿಟ್ಟುಹೋಗುವುದೂ ಹೆಚ್ಚಾಗಿ ಈ ತಿರುವುಗಳಲ್ಲಿ. ಉಡಾನ್ ಯೋಜನೆಯಡಿ ಆರಂಭವಾದ ಮಾರ್ಗಗಳಿಗೆ ಸರಕಾರದ ಸಹಾಯಧನ ಮೂರು ವರ್ಷಗಳ ಅವಧಿಗೆ ಸಿಗುತ್ತದೆ. ಅದು ಮುಗಿದ ಮೇಲೆ ಪ್ರಯಾಣಿಕರ ಸಂಖ್ಯೆಯೊಂದರಿಂದಲೇ ಮಾರ್ಗ ಉಳಿಯಬೇಕಾಗುತ್ತದೆ, ಹಲವು ಉಳಿಯುವುದಿಲ್ಲ. ಆದ್ದರಿಂದ ಕಳೆದ ವರ್ಷ ಯಾರೋ ನೇರವಾಗಿ ಹೋಗಿ ಬಂದರೆಂಬ ಮಾತನ್ನು ನಂಬಿ ಮದುವೆಯ ದಿನ ಗೊತ್ತುಮಾಡಬೇಡಿ. ನೀವು ಹೊರಡುವ ದಿನಾಂಕವನ್ನೇ ಹಾಕಿ, ‘ನಾನ್‌ಸ್ಟಾಪ್’ ಎಂಬ ಆಯ್ಕೆಯನ್ನು ಒತ್ತಿ, ವಿಮಾನ ಸಂಸ್ಥೆಯ ಸ್ವಂತ ತಾಣದಲ್ಲಿ ಹುಡುಕಿ. ವಾರದ ಏಳೂ ದಿನಗಳನ್ನು ನೋಡಿ, ಏಕೆಂದರೆ ಇಂಥ ಮಾರ್ಗಗಳಲ್ಲಿ ವಾರಕ್ಕೆ ಮೂರೋ ನಾಲ್ಕೋ ದಿನ ಮಾತ್ರ ವಿಮಾನವಿರುವುದು ಸಾಮಾನ್ಯ.

ಐದನೆಯ ಹೆಜ್ಜೆ: ಬೆಂಗಳೂರಿನ ಮೂಲಕವಾದರೆ

ನೇರ ವಿಮಾನ ಸಿಗದಿದ್ದರೆ ಹುಡುಕುವ ತಾಣಗಳು ಬೆಂಗಳೂರಿನ ಮೂಲಕ ದಾರಿ ತೋರಿಸುತ್ತವೆ. ಕೆಂಪೇಗೌಡ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವದಲ್ಲಿದೆ. ಅದೇ ವಿಧಾನದಿಂದ ಲೆಕ್ಕ ಹಾಕಿದರೆ ಹುಬ್ಬಳ್ಳಿ–ಬೆಂಗಳೂರು ಸುಮಾರು 370 ಕಿ.ಮೀ., ಬೆಂಗಳೂರು–ಮಂಗಳೂರು ಸುಮಾರು 306 ಕಿ.ಮೀ., ಒಟ್ಟು 676 ಕಿ.ಮೀ. ನೇರ ದೂರದ ಎರಡೂವರೆ ಪಟ್ಟು. ಪಶ್ಚಿಮದ ಅಂಚಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇಳಿಯಬೇಕಾದವರು ರಾಜ್ಯದ ಪೂರ್ವದ ಅಂಚಿಗೆ ಹೋಗಿ ಮತ್ತೆ ಕಡಲಿನ ಕಡೆಗೆ ತಿರುಗಿ ಬರುತ್ತಾರೆ.

ಅವಧಿಯ ವಿಷಯಕ್ಕೆ ಬಂದರೆ, ಮೊದಲ ಹಾರಾಟ ಎಟಿಆರ್‌ನಲ್ಲಿ ಸುಮಾರು ಒಂದೂಕಾಲು ಗಂಟೆ, ಎರಡನೆಯದು ಜೆಟ್‌ನಲ್ಲಿ ಒಂದು ಗಂಟೆ ಎಂದಿಟ್ಟುಕೊಳ್ಳೋಣ. ನಡುವೆ ಬೆಂಗಳೂರಿನಲ್ಲಿ ಕಾಯುವುದು ಕಡಿಮೆಯೆಂದರೂ ಎರಡು ಗಂಟೆ. ಇದಕ್ಕಿಂತ ಕಡಿಮೆ ಬಿಡುವಿನ ಜೋಡಣೆಯನ್ನೂ ತಾಣಗಳು ಮಾರುತ್ತವೆ; ಎರಡೂ ವಿಮಾನಗಳು ಒಂದೇ ಸಂಸ್ಥೆಯವಾಗಿದ್ದು ಒಂದೇ ಟರ್ಮಿನಲ್‌ನಲ್ಲಿದ್ದರೆ ಅದು ನಡೆದೀತು. ಬೆಂಗಳೂರಿನಲ್ಲಿ ಎರಡು ಟರ್ಮಿನಲ್‌ಗಳಿವೆ ಎಂಬುದನ್ನು ಮರೆಯಬಾರದು. ಒಂದರಲ್ಲಿ ಇಳಿದು ಮತ್ತೊಂದರಿಂದ ಹೊರಡಬೇಕಾದರೆ ಹೊರಗೆ ಬಂದು, ಶಟಲ್ ಬಸ್ಸು ಹಿಡಿದು, ಮತ್ತೆ ಭದ್ರತಾ ತಪಾಸಣೆ ಮುಗಿಸಬೇಕು. ಆಗ ಎರಡು ಗಂಟೆಯೂ ಬಿಗಿಯಾಗುತ್ತದೆ.

ಆರನೆಯ ಹೆಜ್ಜೆ: ಬಾಗಿಲಿನಿಂದ ಬಾಗಿಲಿಗೆ

ಈಗ ಎಲ್ಲವನ್ನೂ ಕೂಡಿಸಿ. ಮನೆಯಿಂದ ಗೋಕುಲ ರಸ್ತೆಯ ನಿಲ್ದಾಣಕ್ಕೆ 25 ನಿಮಿಷ. ದೇಶದೊಳಗಿನ ಹಾರಾಟಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ವೇಳೆಗೆ 60 ನಿಮಿಷ ಮುಂಚೆ ಮುಚ್ಚುತ್ತದೆ, ಬೋರ್ಡಿಂಗ್ ಗೇಟು ಸುಮಾರು 25 ನಿಮಿಷ ಮುಂಚೆ. ಹುಬ್ಬಳ್ಳಿಯಂಥ ಸಣ್ಣ ನಿಲ್ದಾಣದಲ್ಲಿ ಸಾಲು ಉದ್ದವಿರುವುದಿಲ್ಲವಾದ್ದರಿಂದ ಒಂದೂವರೆ ಗಂಟೆ ಮುಂಚೆ ಹೋದರೆ ಸಾಕು. ಬರಿಗೈಯಲ್ಲಿ ಹೋಗುವವರು, ಮನೆಯಲ್ಲೇ ವೆಬ್ ಚೆಕ್-ಇನ್ ಮುಗಿಸಿದವರು ಇನ್ನೂ ಸ್ವಲ್ಪ ತಡವಾಗಿ ಹೋಗಬಹುದು. ಆಮೇಲೆ ಒಂದೂಕಾಲು ಗಂಟೆಯ ಹಾರಾಟ, ಎರಡು ಗಂಟೆಯ ಕಾಯುವಿಕೆ, ಮತ್ತೊಂದು ಗಂಟೆಯ ಹಾರಾಟ. ಬಜ್ಪೆಯಲ್ಲಿ ಇಳಿದು ಸಾಮಾನು ಕೈಗೆ ಬರಲು 25 ನಿಮಿಷ. ಅಲ್ಲಿಂದ ಹಂಪನಕಟ್ಟೆಗೆ ಟ್ಯಾಕ್ಸಿಯಲ್ಲಿ 40 ನಿಮಿಷ. ಎಲ್ಲ ಸೇರಿ ಏಳೂಕಾಲು ಗಂಟೆ. ಇದರಲ್ಲಿ ನಿಜವಾಗಿ ಗಾಳಿಯಲ್ಲಿ ಇದ್ದದ್ದು ಒಂದೂಮುಕ್ಕಾಲು ಗಂಟೆಯಷ್ಟೇ.

ನೇರ ವಿಮಾನವಿದ್ದಿದ್ದರೆ ಇದೇ ಲೆಕ್ಕ ನಾಲ್ಕು ಗಂಟೆಗೆ ಮುಗಿಯುತ್ತಿತ್ತು. ನೇರ ವಿಮಾನಕ್ಕೆ ಸಾವಿರ ರೂಪಾಯಿ ಹೆಚ್ಚು ಕೊಡಬೇಕಾದರೂ ಹಿಂಜರಿಯಬಾರದೆಂದು ನಾನು ಹೇಳುವುದು ಈ ಕಾರಣಕ್ಕೆ. ಅಲ್ಲಿ ಉಳಿಯುವುದು ಮೂರು ಗಂಟೆಗೂ ಮಿಗಿಲು, ಜೊತೆಗೆ ಸಂಪರ್ಕ ತಪ್ಪುವ ಆತಂಕವೂ ಇಲ್ಲ.

ಏಳನೆಯ ಹೆಜ್ಜೆ: ರಸ್ತೆ ಮತ್ತು ರೈಲಿನೊಂದಿಗೆ ಹೋಲಿಕೆ

ಏಳೂಕಾಲು ಗಂಟೆ ಎಂಬ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಕಡೆಗೆ ನೋಡಿ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲಾ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿಯ ಮೂಲಕ ಮಂಗಳೂರು ಎಂದರೆ ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಘಾಟಿ, ಲಾರಿಗಳ ಸಾಲು, ಊರೊಳಗಿನ ದಟ್ಟಣೆ ಎಲ್ಲವನ್ನೂ ಹಿಡಿದು ಸರಾಸರಿ ಗಂಟೆಗೆ 45ರಿಂದ 50 ಕಿ.ಮೀ. ಎಂದರೆ ಏಳರಿಂದ ಎಂಟು ಗಂಟೆ. ಅಂದರೆ ಬೆಂಗಳೂರಿನ ಮೂಲಕ ಹಾರಿದವರೂ ಕಾರಿನಲ್ಲಿ ಹೊರಟವರೂ ಬಹುಮಟ್ಟಿಗೆ ಒಟ್ಟಿಗೇ ತಲುಪುತ್ತಾರೆ. ರಾತ್ರಿ ಸ್ಲೀಪರ್ ಬಸ್ಸು ಹತ್ತಿ ಮಲಗಿದವರಂತೂ ಹಗಲಿನ ಒಂದು ಗಂಟೆಯನ್ನೂ ಕಳೆದುಕೊಂಡಿರುವುದಿಲ್ಲ. ರೈಲಿನಲ್ಲಿ ಹೋಗುವವರಿಗೆ ವಿಜಯಪುರದಿಂದ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನದ ಮೂಲಕ ಮಂಗಳೂರಿಗೆ ಬರುವ ರಾತ್ರಿ ರೈಲು ಇದೆ. ಸುತ್ತು ದೊಡ್ಡದಾದ್ದರಿಂದ ಹೊತ್ತು ಹೆಚ್ಚು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಪೂರ್ಣಗೊಂಡಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ತಲುಪಬೇಕಾದ ಊರು ಯಾವುದೆಂಬುದರಿಂದ ಈ ಹೋಲಿಕೆ ಪೂರ್ತಿ ತಲೆಕೆಳಗಾಗಬಹುದು. ನಿಮ್ಮ ಕೆಲಸ ಮಂಗಳೂರಿನಲ್ಲಲ್ಲ, ಉಡುಪಿಯಲ್ಲಿ ಅಥವಾ ಮಣಿಪಾಲದ ಆಸ್ಪತ್ರೆಯಲ್ಲಿ ಎಂದಾದರೆ ವಿಮಾನದಲ್ಲಿ ಬಂದವರು ಬಜ್ಪೆಯಿಂದ ಉತ್ತರಕ್ಕೆ ಸುಮಾರು 60 ಕಿ.ಮೀ. ಹಿಂದಿರುಗಬೇಕು, ರಸ್ತೆಯಲ್ಲಿ ಬಂದವರಿಗೋ ಅಷ್ಟೇ ದಾರಿ ಕಡಿಮೆಯಾಗುತ್ತದೆ. ಎರಡೂ ಕಡೆಯ ವ್ಯತ್ಯಾಸ ಸೇರಿ ರಸ್ತೆಯವರು ಒಂದೂವರೆ ಎರಡು ಗಂಟೆ ಮುಂದಿರುತ್ತಾರೆ. ಕುಂದಾಪುರಕ್ಕೆ ವಿಮಾನದ ಯೋಚನೆಯೇ ಬೇಡ. ಇದಕ್ಕೆ ವಿರುದ್ಧವಾಗಿ ಪುತ್ತೂರು, ಸುಳ್ಯ, ಕಾಸರಗೋಡುಗಳ ಕಡೆಗೆ ಹೋಗುವವರಿಗೆ ವಿಮಾನದ ಪರವಾಗಿ ತಕ್ಕಡಿ ಸ್ವಲ್ಪ ವಾಲುತ್ತದೆ.

ಹತ್ತಿರದ ನಿಲ್ದಾಣವೇ ಯಾವಾಗಲೂ ಸರಿಯಾದ ನಿಲ್ದಾಣವಲ್ಲ ಎಂಬುದಕ್ಕೆ ಇನ್ನೊಂದು ಜೋಡಿಯನ್ನು ನೋಡಬಹುದು. ಬೆಳಗಾವಿ ಮತ್ತು ಮೈಸೂರು ನಿಲ್ದಾಣಗಳ ನೇರ ದೂರ ಸುಮಾರು 460 ಕಿ.ಮೀ. ನೇರ ವಿಮಾನವಿಲ್ಲದಿದ್ದಾಗ ಬೆಂಗಳೂರಿನಲ್ಲಿ ಮತ್ತೊಂದು ವಿಮಾನಕ್ಕಾಗಿ ಅರ್ಧ ದಿನ ಕಾದು ಮೈಸೂರಿನಲ್ಲಿ ಇಳಿಯುವುದಕ್ಕಿಂತ, ಬೆಳಗಾವಿಯಿಂದ ಬೆಂಗಳೂರಿಗೆ ಹಾರಿ ನಿಲ್ದಾಣದ ಹೊರಗೇ ಸಿಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ಸಿನಲ್ಲಿ ಮೈಸೂರಿಗೆ ಹೋಗುವುದು ಜಾಣತನ. ಲೆಕ್ಕ ಹಾಕುವಾಗ ಒಂದು ತುದಿಯನ್ನಾದರೂ ರಸ್ತೆಗೆ ಬಿಟ್ಟು ನೋಡುವ ಅಭ್ಯಾಸವಿರಲಿ.

ಎಂಟನೆಯ ಹೆಜ್ಜೆ: ಋತುವಿನ ಪಾಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಯಾವ ಅಂಕಿಯೂ ಹಾಗೆಯೇ ನಿಲ್ಲುವುದಿಲ್ಲ. ಬಜ್ಪೆಯ ನಿಲ್ದಾಣ ಗುಡ್ಡವನ್ನು ಸಮತಟ್ಟು ಮಾಡಿ ಕಟ್ಟಿದ್ದು. ಅದರ ರನ್‌ವೇ 2,450 ಮೀಟರ್ ಉದ್ದವಾಗಿದ್ದು ಅಂಚಿನಾಚೆ ಇಳಿಜಾರಿದೆ. ಜಡಿಮಳೆಯಲ್ಲಿ ರನ್‌ವೇ ಸ್ಪಷ್ಟವಾಗಿ ಕಾಣದಿದ್ದರೆ ಪೈಲಟ್ ಇಳಿಯುವ ಸಾಹಸಕ್ಕೆ ಹೋಗುವುದಿಲ್ಲ, ಹೋಗಬಾರದು ಕೂಡ. ಮೇಲೆ ಸುತ್ತು ಹಾಕಿ ಕಾಯುವುದು ಹದಿನೈದಿಪ್ಪತ್ತು ನಿಮಿಷ. ಮಳೆ ಬಿಡದಿದ್ದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ತಿರುಗುತ್ತದೆ, ಆಗ ಕಳೆಯುವುದು ಗಂಟೆಗಳ ಲೆಕ್ಕದಲ್ಲಿ. ಡಿಸೆಂಬರ್, ಜನವರಿಯ ನಸುಕಿನಲ್ಲಿ ದೇವನಹಳ್ಳಿಯ ಮಂಜು ಇದೇ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ವಿಮಾನ ಬದಲಿಸಬೇಕಾದವರು ಬೆಳಗಿನ ಎಂಟು ಗಂಟೆಯೊಳಗಿನ ಜೋಡಣೆಯನ್ನು ತಪ್ಪಿಸಿದರೆ ಒಳ್ಳೆಯದು.

ಹಾಗೆಂದು ಮಳೆಗಾಲದಲ್ಲಿ ರಸ್ತೆಯೇ ಭದ್ರವೆಂದೂ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಇದೇ ಹೆದ್ದಾರಿ 66 ಬಹಳ ದಿನ ಬಂದ್ ಆಗಿತ್ತು. ಭಾರಿ ಮಳೆಯ ಮುನ್ಸೂಚನೆ ಇರುವ ವಾರದಲ್ಲಿ ವಿಮಾನಕ್ಕೆ ಹಿಡಿಯುವ ಹೊತ್ತನ್ನೂ ರಸ್ತೆಗೆ ಹಿಡಿಯುವ ಹೊತ್ತನ್ನೂ ಎರಡು ಗಂಟೆ ಹಿಗ್ಗಿಸಿ, ಪರೀಕ್ಷೆ, ಸಂದರ್ಶನ, ಶಸ್ತ್ರಚಿಕಿತ್ಸೆಯಂಥ ಮುಂದೂಡಲಾಗದ ಕೆಲಸವಿದ್ದರೆ ಹಿಂದಿನ ದಿನವೇ ತಲುಪುವಂತೆ ಹೊರಡಿ.

ಒಂಬತ್ತನೆಯ ಹೆಜ್ಜೆ: ಅಂದಾಜನ್ನು ನಿಜದೊಂದಿಗೆ ತಾಳೆ ನೋಡುವುದು, ಟಿಕೆಟ್ ಕೊಳ್ಳುವುದು

ಕಾಗದದ ಲೆಕ್ಕ ಮುಗಿದ ಮೇಲೆ ವಿಮಾನದ ಸಂಖ್ಯೆಯನ್ನು ಫ್ಲೈಟ್‌ರಾಡಾರ್24ರಂಥ ತಾಣದಲ್ಲಿ ಹಾಕಿ, ಕಳೆದ ಒಂದು ವಾರ ಅದು ನಿಜವಾಗಿ ಎಷ್ಟಕ್ಕೆ ಹೊರಟು ಎಷ್ಟಕ್ಕೆ ತಲುಪಿತೆಂದು ನೋಡಿ. ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆ ಎಂದಿರುವ ಹಾರಾಟ ಒಂದು ಗಂಟೆಯಲ್ಲೇ ಮುಗಿದಿರುವುದು ಕಾಣಬಹುದು. ಸಂಸ್ಥೆಗಳು ತಡವಾದರೂ ಹೊತ್ತಿಗೆ ಸರಿಯಾಗಿ ಮುಟ್ಟಿದಂತಾಗಲಿ ಎಂದು ಸ್ವಲ್ಪ ಸಡಿಲ ಬಿಟ್ಟಿರುತ್ತವೆ. ಅದೇ ವಿಮಾನ ಮೂರು ದಿನ ಒಂದೊಂದು ಗಂಟೆ ತಡವಾಗಿ ಹೊರಟಿದ್ದರೆ ಎರಡು ಗಂಟೆಯ ಬಿಡುವಿನ ಸಂಪರ್ಕವನ್ನು ನಂಬಬೇಡಿ. ದಿನದ ಕೊನೆಯ ಹಾರಾಟಕ್ಕಿಂತ ಹಗಲಿನ ಹಾರಾಟ ಮೇಲು. ಎಟಿಆರ್ ವಿಮಾನವೊಂದು ಬೆಳಗಿನಿಂದ ಹಲವು ಊರುಗಳನ್ನು ಸುತ್ತುವುದರಿಂದ ಮೊದಲ ಊರಿನಲ್ಲಾದ ತಡ ಸಂಜೆಯವರೆಗೂ ಉಳಿದುಕೊಂಡು ಬರುತ್ತದೆ.

ಕೊಳ್ಳುವಾಗ ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿ ಇರುವಂತೆ ನೋಡಿಕೊಳ್ಳಿ. ಬೇರೆಬೇರೆಯಾಗಿ ಕೊಂಡರೆ ನಾನೂರು ಐನೂರು ರೂಪಾಯಿ ಉಳಿಯುವುದುಂಟು, ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆಯ ಕಣ್ಣಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕರು, ಟಿಕೆಟ್ಟಿನ ಹಣವೂ ಹೋಯಿತು. ಒಂದೇ ಪಿಎನ್‌ಆರ್ ಆಗಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಸಂಸ್ಥೆಯದು, ಸಾಮಾನೂ ನೇರವಾಗಿ ಮಂಗಳೂರಿಗೆ ಬರುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಎರಡೂವರೆ ಗಂಟೆಯೊಳಗಿನ ಬ್ಲಾಕ್ ಟೈಮ್ ಇರುವ ಹಾರಾಟ ಎರಡು ಗಂಟೆ ತಡವಾಗುವಂತಿದ್ದರೆ, ಹೊತ್ತಿಗೆ ಸರಿಯಾಗಿ ಚೆಕ್-ಇನ್ ಮಾಡಿದ ಪ್ರಯಾಣಿಕರಿಗೆ ಊಟ–ತಿಂಡಿ ಒದಗಿಸಬೇಕು. ಕೌಂಟರಿನಲ್ಲಿ ಕೇಳಲು ಸಂಕೋಚ ಬೇಡ. ಎಟಿಆರ್‌ನ ತಲೆಯ ಮೇಲಿನ ಕಪಾಟು ಚಿಕ್ಕದಾದ್ದರಿಂದ ಗಟ್ಟಿ ಟ್ರಾಲಿಯ ಬದಲು ಮೆತ್ತನೆಯ ಚೀಲವನ್ನು ಒಯ್ಯುವುದು ಅನುಕೂಲ, ಇಲ್ಲವಾದರೆ ಅದನ್ನು ಏಣಿಯ ಬಳಿಯಲ್ಲೇ ಪಡೆದು ಸರಕಿನ ಜಾಗಕ್ಕೆ ಹಾಕುತ್ತಾರೆ, ಇಳಿದ ಮೇಲೆ ಅದಕ್ಕಾಗಿ ಮತ್ತೆ ಹತ್ತು ನಿಮಿಷ ಕಾಯಬೇಕಾಗುತ್ತದೆ.